ಹದಿಹರೆಯದವರ ತಂತ್ರಜ್ಞಾನ ವ್ಯಸನ

ಮೊಬೈಲ್, ಆನ್‌ಲೈನ್ ಆಟ, ರೀಲ್ಸ್ ಮೊದಲಾದವುಗಳ ಬಳಕೆ ಹಿಡಿತ ತಪ್ಪಿ, ಓದು, ನಿದ್ದೆ, ಮನೆಯವರ ಒಡನಾಟ ಕೆಡುತ್ತಿದ್ದರೂ ಬಿಡಲಾಗದ ಸ್ಥಿತಿ. ಆಡುಮಾತಿನಲ್ಲಿ ಮೊಬೈಲ್ ಗೀಳು, ಮೊಬೈಲ್ ಹುಚ್ಚು ಎನ್ನುವುದುಂಟು.

ಈ ಹೆಸರಿನಲ್ಲಿ ಬರುವ ಎಲ್ಲವನ್ನೂ ವೈದ್ಯಶಾಸ್ತ್ರ ಕಾಯಿಲೆ ಎಂದು ಒಪ್ಪಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ (2022ರ ಜನವರಿಯಿಂದ ಜಾರಿ) ಸ್ಥಾನ ಪಡೆದದ್ದು ಗೇಮಿಂಗ್ ಗೀಳು ಮಾತ್ರ. ಆಟದ ಮೇಲೆ ಹತೋಟಿ ಇಲ್ಲದಿರುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಸುವುದು ಅದರ ಲಕ್ಷಣಗಳು. ಇವು ಸಾಮಾನ್ಯವಾಗಿ 12 ತಿಂಗಳಾದರೂ ಇರಬೇಕು. ಎಷ್ಟು ಗಂಟೆ ಆಡಿದ ಎಂಬುದು ಇಲ್ಲಿ ಅಳತೆಗೋಲಲ್ಲ. ರಜೆಯಲ್ಲಿ ದಿನವಿಡೀ ಆಡಿ, ಶಾಲೆ ಶುರುವಾದೊಡನೆ ತಾನಾಗಿ ಬಿಡುವ ಹುಡುಗನನ್ನು ವ್ಯಸನಿ ಎಂದು ಕರೆಯುವುದು ಅನ್ಯಾಯ.

ಕಾರಣಗಳಲ್ಲಿ ವಯಸ್ಸಿನದು ದೊಡ್ಡ ಪಾಲು. ಆಸೆಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಸುಖಕ್ಕೆ ಮಿಡಿಯುವ ಭಾಗವಾದರೋ ಹದಿಹರೆಯದಲ್ಲೇ ಚುರುಕಾಗಿರುತ್ತದೆ. ಆ್ಯಪ್‌ಗಳ ರಚನೆಯೂ ಇದಕ್ಕೆ ಒದಗಿಬರುತ್ತದೆ. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನವೇ ಹೆಚ್ಚು ಕಟ್ಟಿಹಾಕುತ್ತದೆ ಎಂದು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪ್ರಾಣಿಪಕ್ಷಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದ. ಮುಂದಿನ ರೀಲ್‌ನಲ್ಲಿ ಏನಿದೆಯೋ ಎಂಬ ಕುತೂಹಲ ಅದೇ ಜಾತಿಯದು. ಕೊನೆಯೇ ಇಲ್ಲದೆ ಪುಟ ಸರಿಯುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಆಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು.

ಗುಂಪಿನಲ್ಲಿ ಆಡುವ ಆಟಗಳ ಹಿಡಿತ ಇನ್ನೂ ಬಿಗಿ. ಅಮ್ಮ ಊಟಕ್ಕೆ ಕರೆದಾಗ ಮಗ "ಇದೊಂದು ಮ್ಯಾಚ್ ಅಮ್ಮಾ" ಎನ್ನುವುದು ಬರೀ ಸಬೂಬಲ್ಲ. ಆ ಆಟವನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಎದ್ದುಹೋದರೆ ತಂಡದ ಮೂವರು ಗೆಳೆಯರಿಗೆ ಕೈಕೊಟ್ಟಂತೆ. ಒಂಟಿತನ, ಪರೀಕ್ಷೆಯ ಭಯ, ಮನೆಯಲ್ಲಿನ ಜಗಳ ಮರೆಯಲು ಮೊಬೈಲ್ ಹಿಡಿಯುವ ಮಕ್ಕಳೂ ಇದ್ದಾರೆ. ಭಾರತದಲ್ಲಿ 2016ರ ನಂತರ ಡೇಟಾ ಅಗ್ಗವಾಯಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠದ ಹೆಸರಿನಲ್ಲಿ ದೊಡ್ಡವರೇ ಮಕ್ಕಳ ಕೈಗೆ ಫೋನ್ ಕೊಟ್ಟರು.

ಪರಿಣಾಮಗಳಲ್ಲಿ ಮೊದಲು ಕಾಣುವುದು ನಿದ್ದೆಗೇಡು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹೊದಿಕೆಯೊಳಗೆ ಫೋನ್ ಹಿಡಿದು ನಡುರಾತ್ರಿ ದಾಟಿಸಿದ ಹುಡುಗಿ ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತಾಳೆ. ಸಿಡುಕು, ಅಂಕ ಇಳಿಯುವುದು, ಮನೆಯಲ್ಲಿ ಬೈಗುಳ ಅದರ ಬೆನ್ನಿಗೇ ಬರುತ್ತವೆ. ಕತ್ತುನೋವು, ಕಣ್ಣುರಿಯೂ ಸಾಮಾನ್ಯ. ಖಿನ್ನತೆಗೂ ಇದಕ್ಕೂ ನಂಟಿದೆ, ಆದರೆ ಯಾವುದು ಮೊದಲು ಎಂಬುದು ಎಲ್ಲ ಮಕ್ಕಳಲ್ಲೂ ಒಂದೇ ಅಲ್ಲ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇದಕ್ಕೆಂದೇ 'ಶಟ್' ಕ್ಲಿನಿಕ್ ತೆರೆಯಿತು. ಹೆಸರು ಮುಚ್ಚುವುದನ್ನು ಸೂಚಿಸಿದರೂ ಗುರಿ ಆರೋಗ್ಯಕರ ಬಳಕೆ. ಕುಡಿತದಂತೆ ಮೊಬೈಲನ್ನು ಪೂರ್ತಿ ತ್ಯಜಿಸುವುದು ಇಂದಿನ ವಿದ್ಯಾರ್ಥಿಗೆ ಆಗದ ಮಾತು. ಹೀಗಾಗಿ ಚಿಕಿತ್ಸೆಯಲ್ಲಿ ನಿದ್ದೆಯ ಹೊತ್ತನ್ನು ಸರಿಪಡಿಸುವುದು, ಬಿಟ್ಟುಹೋದ ಆಟ-ಹವ್ಯಾಸಗಳನ್ನು ಮರಳಿ ಹಿಡಿಸುವುದು, ಅಪ್ಪ ಅಮ್ಮನನ್ನೂ ಕೂರಿಸಿ ಮಾತಾಡುವುದು ಮುಖ್ಯವಾಗುತ್ತದೆ. ಫೋನ್ ಕಿತ್ತುಕೊಂಡು ಒಡೆದುಹಾಕುವುದರಿಂದ ರಂಪ ಹೆಚ್ಚುತ್ತದೆಯೇ ಹೊರತು ಗೀಳು ಇಳಿಯುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿ ಉಚಿತವಾಗಿ ಕನ್ನಡದಲ್ಲೂ ಆಪ್ತಸಲಹೆ ಸಿಗುತ್ತದೆ.