ನೆಲದಾಳದ ತೈಲ: ಕಂಪನದ ಅಲೆಗಳು ಹೇಳುವುದೆಷ್ಟು?

ತೈಲಶೋಧದಲ್ಲಿ ಬಾವಿ ಕೊರೆಯುವುದು ಬಲು ದುಬಾರಿ ಕೆಲಸ. ಆದ್ದರಿಂದ ಮೊದಲು ಸೀಸ್ಮಿಕ್ ಸಮೀಕ್ಷೆ ನಡೆಯುತ್ತದೆ. ಕಡಲಲ್ಲಾದರೆ ಹಡಗು ಎಳೆದೊಯ್ಯುವ ಏರ್‌ಗನ್‌ಗಳು ಅಲೆಗಳನ್ನು ಎಬ್ಬಿಸುತ್ತವೆ. ಶಿಲಾಪದರಗಳಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ಹೈಡ್ರೋಫೋನ್‌ಗಳು ದಾಖಲಿಸುತ್ತವೆ.

ಶಿಲೆಯ ರಂಧ್ರಗಳಲ್ಲಿ ನೀರಿನ ಬದಲು ಅನಿಲವಿದ್ದರೆ ಒತ್ತಡದ ಅಲೆಗಳ ವೇಗ ತಗ್ಗುತ್ತದೆ. ಅಡ್ಡಲಾಗಿ ಕಂಪಿಸುವ ಅಲೆಗಳ ಮೇಲೆ ಇದರ ಪರಿಣಾಮ ಅಲ್ಪ. ಎರಡನ್ನೂ ಹೋಲಿಸಿ ಒಳಗಿರುವುದೇನೆಂದು ಅಂದಾಜಿಸಲಾಗುತ್ತದೆ. ಫ್ರಿಟ್ಸ್ ಗ್ಯಾಸ್‌ಮನ್ 1951ರಲ್ಲಿ ಪ್ರಕಟಿಸಿದ ಸಮೀಕರಣ ಈ ಲೆಕ್ಕಾಚಾರಕ್ಕೆ ಇಂದಿಗೂ ಆಧಾರ. ಆದರೆ ಅತ್ಯಲ್ಪ ಅನಿಲವೂ ಹೇರಳ ಅನಿಲದಂತೆಯೇ ವೇಗವನ್ನು ತಗ್ಗಿಸಬಲ್ಲದು. ಅದನ್ನೇ ನಂಬಿ ಕೊರೆದ ಬಾವಿ ವ್ಯರ್ಥವಾದೀತು.

ಪಾರಗಮ್ಯತೆ, ಅಂದರೆ ಶಿಲೆಯೊಳಗೆ ದ್ರವ ಹರಿಯಬಲ್ಲ ಗುಣ, ಇನ್ನೂ ಜಟಿಲ. ರಂಧ್ರಗಳ ಪ್ರಮಾಣವನ್ನು ಅಲೆಗಳಿಂದ ಅಂದಾಜಿಸಬಹುದು. ಅವು ಒಂದಕ್ಕೊಂದು ಕೂಡಿಕೊಂಡಿವೆಯೇ ಎಂಬುದು ನೇರವಾಗಿ ತಿಳಿಯದು. ಸುಣ್ಣಕಲ್ಲಿನಲ್ಲಿ ಈ ತೊಡಕು ಹೆಚ್ಚು: ರಂಧ್ರಗಳ ಪ್ರಮಾಣ ಒಂದೇ ಆಗಿದ್ದರೂ ಪಾರಗಮ್ಯತೆ ಹಲವು ಪಟ್ಟು ಭಿನ್ನವಾಗಿರಬಹುದು. ಅರಬ್ಬೀ ಸಮುದ್ರದಲ್ಲಿ 1974ರಲ್ಲಿ ‘ಸಾಗರ್ ಸಮ್ರಾಟ್’ ಕೊರೆದು ತೈಲ ಕಂಡ ಬಾಂಬೆ ಹೈನ ಮುಖ್ಯ ನಿಕ್ಷೇಪವೂ ಸುಣ್ಣಕಲ್ಲಿನದೇ.

ಹೀಗಾಗಿ ಬಾವಿಯಿಂದ ತೆಗೆದ ಶಿಲಾಮಾದರಿ ಹಾಗೂ ಹರಿವಿನ ಪರೀಕ್ಷೆಗಳ ಫಲಿತಾಂಶದೊಡನೆ ಅಲೆಗಳ ದತ್ತಾಂಶವನ್ನು ತಾಳೆ ನೋಡುವುದು ಅನಿವಾರ್ಯ. ಅಲೆಗಳು ಕೊಡುವುದು ಸುಳಿವು. ಖಾತ್ರಿ ಕೊಡುವುದು ಬಾವಿಯೇ.