ಜಡ್ಡಿಯ ಗಡಿ ಎಲ್ಲಿ? ನೆಲ ಅಗೆಯುವ ಕಾಮಗಾರಿಗಳು ಮತ್ತು ಕತ್ತಲೆಕಾನಿನ ಅಪರೂಪದ ಸಸ್ಯಗಳು

ಸಾರಾಂಶ: ರಸ್ತೆ, ಕೊಳವೆಮಾರ್ಗ, ವಿದ್ಯುತ್ ಮಾರ್ಗಗಳಿಗಾಗಿ ಕಾಡಿನ ನೆಲ ಅಗೆಯುವಾಗ, ಕಡಿಯಬೇಕಾದ ಮರಗಳ ಎಣಿಕೆಯನ್ನೇ ಹಾನಿಯ ಅಳತೆಯಾಗಿ ಹಿಡಿಯುವುದು ರೂಢಿ. ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳಿಗೆ, ಅಂದರೆ ರಾಮಪತ್ರೆ ಬಳಗದ ಮರಗಳು ಬೆಳೆಯುವ ಜವುಗು ಕಾಡುಗಳಿಗೆ, ಈ ಅಳತೆ ಒಗ್ಗುವುದಿಲ್ಲ. ಇಲ್ಲಿನ ಸಸ್ಯಗಳ ಅಳಿವು ಉಳಿವು ನೀರಿನ ಹರಿವನ್ನು ನೆಚ್ಚಿದೆ. ಆದ್ದರಿಂದ ಕಾಪಾಡಬೇಕಾದದ್ದು ಜಡ್ಡಿಗೆ ನೀರೂಡುವ ಇಡೀ ಜಲಾನಯನವನ್ನು ಎಂಬುದು ಈ ಲೇಖನದ ವಾದ.

೧. ನೆಲೆ ಮತ್ತು ಸಸ್ಯಗಳು

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಶರಾವತಿ ಕಣಿವೆಯ ನಿತ್ಯಹರಿದ್ವರ್ಣ ಕಾಡು. ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತುವ ಹೆದ್ದಾರಿ ಇದರ ಮಗ್ಗುಲಲ್ಲೇ ಹಾಯುತ್ತದೆ. ವರ್ಷವಿಡೀ ಹರಿಯುವ ಸಣ್ಣ ಹಳ್ಳಗಳ ಅಂಚಿನ ಜವುಗಿನಲ್ಲಿ ರಾಮಪತ್ರೆ ಕುಟುಂಬದ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮತ್ತು ಜಿಮ್ನಾಕ್ರಾಂಥೆರಾ ಕನಾರಿಕಾ ಬೆಳೆಯುತ್ತವೆ. ದಾಸಪ್ಪ ಮತ್ತು ಸ್ವಾಮಿನಾಥ್ 2000ದಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ, ಗೇರಿನ ಬಳಗದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ತನ್ನ ಹೆಸರನ್ನು ಪಡೆದದ್ದು ಈ ಕಾನಿನಿಂದಲೇ. ದಕ್ಷಿಣದ ತಿರುವಾಂಕೂರು ಸೀಮೆಯ ಸಸ್ಯಗಳೆಂದು ಎಣಿಸಲಾಗಿದ್ದ ಸೈಜೀಜಿಯಮ್ ಟ್ರಾವಂಕೋರಿಕಮ್, ಮಧುಕಾ ಬೂರ್ಡಿಲ್ಲೋನಿ ಕೂಡ ಇಲ್ಲಿವೆ. ಕಣಿವೆಯ ತಳದ ಇಂಥ ಜವುಗುಗಳು ಬಹುಕಾಲದಿಂದ ಗದ್ದೆ, ಅಡಿಕೆ ತೋಟಗಳಾಗುತ್ತ ಬಂದಿವೆ. ಉಳಿದವು ಒಂದರಿಂದೊಂದು ದೂರವಾದ ತುಣುಕುಗಳು.

೨. ಹಾನಿ ತಟ್ಟುವ ಬಗೆ

ಜಡ್ಡಿಯ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ. ಅದಕ್ಕಾಗಿ ಇಲ್ಲಿನ ಮರಗಳು ಮಂಡಿಯಂತೆ ಬಾಗಿ ಮೇಲೇಳುವ ಬೇರುಗಳಿಂದ ಉಸಿರಾಡುತ್ತವೆ. ಬೇಸಿಗೆಯಲ್ಲಿ ರಸ್ತೆಗಾಗಿ ಗುಡ್ಡ ಕಡಿದು ಮೇಲಿನ ಇಳಿಜಾರಿನಲ್ಲಿ ಸುರಿದ ಮಣ್ಣು ಮೊದಲ ಮಳೆಗೇ ಹಳ್ಳಕ್ಕಿಳಿದು ಈ ಬೇರುಗಳನ್ನು ಮುಚ್ಚುತ್ತದೆ. ಕೊಡಲಿ ತಾಗದ ಮರವೂ ಹೀಗೆ ನಿಧಾನಕ್ಕೆ ಸೊರಗುತ್ತದೆ.

ನೀರಿನ ದಾರಿ ತಪ್ಪುವುದು ಇನ್ನೊಂದು ಬಗೆ. ಜಡ್ಡಿಯ ಮೇಲ್ಭಾಗದಲ್ಲಿ ತೋಡಿದ ಅಗಳಕ್ಕೆ ಜಲ್ಲಿ ತುಂಬಿದರೆ ಅದೇ ಬಸಿಗಾಲುವೆಯಾಗಿ ಒರತೆಯ ನೀರನ್ನು ಬೇರೆಡೆಗೆ ಎಳೆಯುತ್ತದೆ. ಹಳ್ಳದ ತಳಕ್ಕಿಂತ ಕೆಳಗೆ ಕೂರಿಸಿದ ಮೋರಿ ಜವುಗನ್ನು ಬಸಿದರೆ, ಮೇಲೆ ಕೂರಿಸಿದ್ದು ನೀರನ್ನು ಕಟ್ಟಿಹಾಕುತ್ತದೆ.

ಮೂರನೆಯದು ಸಂತಾನದ ಪ್ರಶ್ನೆ. ರಾಮಪತ್ರೆ ಬಳಗದಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಚಿಕ್ಕ ಜಡ್ಡಿಯೊಂದರಲ್ಲಿ ಕೆಲವೇ ಗಂಡು ಮರಗಳು ಹೋದರೂ ಉಳಿದ ಹೆಣ್ಣು ಮರಗಳು ಕಾಯಿ ಕಟ್ಟದೆ ನಿಲ್ಲಬಹುದು. ಮರಗಳ ಒಟ್ಟು ಎಣಿಕೆಯಲ್ಲಿ ಈ ನಷ್ಟ ಕಾಣುವುದೇ ಇಲ್ಲ.

೩. ಕಾನೂನಿನ ಸಂದು

2017ರ ಜೌಗುಪ್ರದೇಶ ನಿಯಮಗಳು ಅರಣ್ಯ ಕಾಯ್ದೆಗಳ ವ್ಯಾಪ್ತಿಯಲ್ಲಿರುವ ಜೌಗುಪ್ರದೇಶಗಳಿಗೆ ಅನ್ವಯವಾಗುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಗೆ 2013ರಲ್ಲಿ ಬಂದ ತಿದ್ದುಪಡಿ, 100 ಕಿ.ಮೀ. ಮೀರದ ರಾಷ್ಟ್ರೀಯ ಹೆದ್ದಾರಿ ಅಗಲೀಕರಣವನ್ನು ಪರಿಸರ ಅನುಮತಿಯಿಂದ ಹೊರಗಿಟ್ಟಿತು. ಉಳಿಯುವುದು 1980ರ ಅರಣ್ಯ ಸಂರಕ್ಷಣಾ ಕಾಯ್ದೆ. ಅದರಡಿ ಹಾನಿಯನ್ನು ಅಳೆಯುವುದು ಹೆಕ್ಟೇರು ಮತ್ತು ಮರಗಳ ಲೆಕ್ಕದಲ್ಲಿ, ಪರಿಹಾರ ಬದಲಿ ನೆಡುತೋಪಿನ ರೂಪದಲ್ಲಿ. ಸಿಂಗಳೀಕಗಳಿಗಾಗಿ 2019ರಲ್ಲಿ ವಿಸ್ತರಿಸಿದ ಶರಾವತಿ ಅಭಯಾರಣ್ಯ ಈ ಸೀಮೆಯ ಕಾಡುಗಳಿಗೆ ಬಲ ತಂದಿದೆ. ಆದರೂ ಅಭಯಾರಣ್ಯದ ಗೆರೆ ಬೇರೆ, ಒಂದು ಜಡ್ಡಿಯ ನೀರಿನ ಗೆರೆ ಬೇರೆ. ಯೋಜನಾ ವರದಿಯ ನಕ್ಷೆಯಲ್ಲಿ ಎರಡನೆಯದನ್ನು ಪ್ರತ್ಯೇಕವಾಗಿ ಗುರುತಿಸದಿದ್ದರೆ ಅದನ್ನು ಕಾಯಲು ಯಾರೂ ಬಾಧ್ಯರಾಗುವುದಿಲ್ಲ.

೪. ಕಾಮಗಾರಿಯ ಕ್ರಮ

ಮೊದಲ ಆಯ್ಕೆ ದಾರಿ ಬದಲಿಸುವುದೇ. ಸಮೀಕ್ಷೆ ರಸ್ತೆಯ ಅಗಲಕ್ಕೆ ನಿಲ್ಲದೆ ಒರತೆಯ ಮೂಲದವರೆಗೆ ಹೋಗಬೇಕು. ಮಳೆಗಾಲದಲ್ಲೂ ಕಡುಬೇಸಿಗೆಯಲ್ಲೂ ನಡೆಯಬೇಕು, ಏಕೆಂದರೆ ಬತ್ತದ ಹಳ್ಳ ಯಾವುದೆಂದು ತಿಳಿಯುವುದು ಬೇಸಿಗೆಯಲ್ಲೇ. ದೊಡ್ಡ ಮರಗಳ ಜೊತೆಗೆ ಸಸಿಗಳನ್ನೂ ಗಂಡುಹೆಣ್ಣಿನ ಪ್ರಮಾಣವನ್ನೂ ದಾಖಲಿಸಬೇಕು.

ಅಗೆತ ಅನಿವಾರ್ಯವಾದಲ್ಲಿ ಅಗಳದೊಳಗೆ ಅಲ್ಲಲ್ಲಿ ಜೇಡಿಯ ಅಡ್ಡಗಟ್ಟೆ ಕಟ್ಟಿ ನೀರು ಬಸಿಯುವುದನ್ನು ತಡೆಯಬಹುದು. ಅಗೆದ ಮಣ್ಣನ್ನು ಜಲಾನಯನದ ಆಚೆಗೆ ಸಾಗಿಸಿ, ಮಳೆ ಹಿಡಿಯುವ ಮೊದಲೇ ಇಳಿಜಾರನ್ನು ಭದ್ರಪಡಿಸಬೇಕು. ಮೋರಿ ಹಳ್ಳದ ಸಹಜ ಮಟ್ಟದಲ್ಲೇ ಕೂರಬೇಕು. ಜೆಸಿಬಿ ನಿಲ್ಲುವ ಜಾಗ, ಡೀಸೆಲ್ ತುಂಬುವ ಜಾಗ ಇವನ್ನೂ ಗುತ್ತಿಗೆ ಕರಾರಿನಲ್ಲಿ ಬರೆದಿಡದಿದ್ದರೆ ಉಳಿದ ಎಚ್ಚರಿಕೆಗಳು ಸಾಲವು.

೫. ಮರುನಾಟಿಯ ಮಿತಿ

ಶಿರಸಿಯ ಅರಣ್ಯ ಮಹಾವಿದ್ಯಾಲಯದ ಆರ್. ವಾಸುದೇವ ಮತ್ತು ಸಂಗಡಿಗರು ಸೆಮೆಕಾರ್ಪಸ್ ಸಸಿಗಳನ್ನು ಬೆಳೆಸಿ ಜಡ್ಡಿಗಳಲ್ಲಿ ನೆಟ್ಟಿದ್ದಾರೆ. ಅಳಿವಿನಂಚಿನ ಸಸ್ಯಕ್ಕೆ ಇದು ಬೆಲೆಯುಳ್ಳ ಕೆಲಸ. ಆದರೆ ಇದನ್ನು ಕಾಮಗಾರಿಯ ಪರವಾನಗಿಗೆ ಆಧಾರವಾಗಿ ಬಳಸುವುದು ತಪ್ಪು. ರಾಮಪತ್ರೆ ಬಳಗದ ಬೀಜಗಳು ಒಣಗಿದರೆ ಮೊಳೆಯುವುದಿಲ್ಲ, ಕೂಡಿಡಲು ಬಾರದು; ಹಣ್ಣಾದ ಋತುವಿನಲ್ಲೇ ಬಿತ್ತಬೇಕು. ಬಿತ್ತಿ ಎಬ್ಬಿಸಿದ ಸಸಿಗೂ ಬೇಕಾದದ್ದು ನೆರಳು ಮತ್ತು ಬತ್ತದ ಜವುಗು. ಅದನ್ನು ಕೆಡಿಸಿದ ಮೇಲೆ ನೆಡುವುದೆಲ್ಲಿ? ಆದ್ದರಿಂದ ಮರುನಾಟಿ ಉಳಿದಿರುವ ಜಡ್ಡಿಗೆ ಬಲ ತುಂಬಬಲ್ಲದು, ಕಳೆದುಕೊಂಡ ಜಡ್ಡಿಗೆ ಬದಲಿಯಾಗಲಾರದು. ಅನುಮತಿ ಕೊಡುವ ಪ್ರಾಧಿಕಾರ ಎಷ್ಟು ಮರ ಕಡಿಯಲಾಗುತ್ತದೆ ಎಂದು ಕೇಳುವ ಮೊದಲು, ಕಾಮಗಾರಿ ಮುಗಿದ ಮೇಲೆ ಬೇಸಿಗೆಯ ನೀರು ಇದೇ ದಾರಿಯಲ್ಲಿ ಹರಿಯುತ್ತದೆಯೇ ಎಂದು ಕೇಳಬೇಕು.