ಅಟ್ಟದ ಮೇಲಿನ ಬಡಗಿ ಬೆಂಚು

ಬೆಲ್ಜಿಯಂನ ಪೋಪರಿಂಗೆ ಚಿಕ್ಕ ಊರು. ಸುತ್ತ ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿಯ ತೋಟಗಳು. ಪೂರ್ವಕ್ಕೆ 12 ಕಿಲೋಮೀಟರ್ ನಡೆದರೆ ಈಪ್ರ್. ಮೊದಲ ಮಹಾಯುದ್ಧದಲ್ಲಿ ಆ ಈಪ್ರ್ ರಣರಂಗಕ್ಕೆ ಹೋಗುವ ಬ್ರಿಟಿಷ್ ಸೈನಿಕರಲ್ಲಿ ಬಹುತೇಕರು ಪೋಪರಿಂಗೆಯನ್ನು ದಾಟಿಯೇ ಹೋಗಬೇಕಿತ್ತು. ಬದುಕಿ ಉಳಿದವರು ಅದೇ ದಾರಿಯಲ್ಲಿ ವಾಪಸಾಗುತ್ತಿದ್ದರು.

ಅಲ್ಲಿ 1915ರ ಡಿಸೆಂಬರ್ 11ರಂದು ಹಾಪ್ಸ್ ವ್ಯಾಪಾರಿಯೊಬ್ಬರ ದೊಡ್ಡ ಮನೆಯ ಬಾಗಿಲು ಸೈನಿಕರಿಗಾಗಿ ತೆರೆಯಿತು. ತೆರೆದವರು ಸೇನಾ ಪಾದ್ರಿಗಳಾದ ನೆವಿಲ್ ಟಾಲ್ಬಟ್ ಮತ್ತು ಫಿಲಿಪ್ ಕ್ಲೇಟನ್. ನೆವಿಲ್‌ನ ಕಿರಿಯ ತಮ್ಮ ಗಿಲ್ಬರ್ಟ್, ಬಿಷಪ್ಪರೊಬ್ಬರ ಮಗ, ಅದೇ ವರ್ಷದ ಜುಲೈ 30ರಂದು ಹೂಗೆ ಎಂಬಲ್ಲಿ ಸತ್ತಿದ್ದ. ವಯಸ್ಸು 23. ಅಣ್ಣನೇ ತೆವಳಿಕೊಂಡು ಹೋಗಿ ತಮ್ಮನ ಹೆಣವನ್ನು ಪತ್ತೆಮಾಡಿದ್ದ. ಮನೆಗೆ ಟಾಲ್ಬಟ್ ಹೌಸ್ ಎಂದು ಹೆಸರು ಬಂದದ್ದು ಹೀಗೆ.

ಸಭಾಪಾಲಕನಾಗಿ ಕೆಲಸ ಮಾಡಿದ ನನಗೆ ಆ ಮನೆಯ ಪುಟ್ಟ ಪುಟ್ಟ ಏರ್ಪಾಡುಗಳೇ ಹೆಚ್ಚು ಹಿಡಿಸುತ್ತವೆ. ಗ್ರಂಥಾಲಯದಿಂದ ಪುಸ್ತಕ ಬೇಕೆಂದರೆ ಸೈನಿಕ ತನ್ನ ಟೋಪಿಯನ್ನು ಅಡ ಇಡಬೇಕಿತ್ತು. ಟೋಪಿಯಿಲ್ಲದೆ ಸಿಪಾಯಿ ಬೀದಿಗಿಳಿಯುವಂತಿರಲಿಲ್ಲ, ಹಾಗಾಗಿ ಪುಸ್ತಕ ತಪ್ಪದೆ ಹಿಂದಿರುಗುತ್ತಿತ್ತು. ಗೋಡೆಯ ಹಲಗೆಯ ಮೇಲೆ ಕಳೆದುಹೋದ ಗೆಳೆಯರಿಗಾಗಿ ಚೀಟಿ ಅಂಟಿಸುತ್ತಿದ್ದರು. ಕ್ಲೇಟನ್‌ನ ಕೋಣೆಗೆ ಬರುವವರು ಪದವಿಯನ್ನೆಲ್ಲ ಹೊರಗೇ ಬಿಟ್ಟು ಬರಬೇಕೆಂದು ಬಾಗಿಲಲ್ಲಿ ಬರೆದಿತ್ತು. ಕರ್ನಲ್ ಆಗಲಿ, ಕುದುರೆ ಕಾಯುವವನಾಗಲಿ, ಒಂದೇ ಚಹಾ, ಒಂದೇ ಬೆಂಚು. ಮೇಲಿನವನ ಮುಖ ನೋಡಿ ಉಸಿರಾಡಬೇಕಾದ ಸೇನೆಯಲ್ಲಿ ಇದು ಸಣ್ಣ ಮಾತಲ್ಲ.

ನಾನು ಆ ಮನೆಗೆ ಹೋದಾಗ ಮೊದಲು ಹತ್ತಿದ್ದು ಅಟ್ಟವನ್ನೇ. ಮೆಟ್ಟಿಲು ಬಹಳ ಕಡಿದು, ಕೈ ಊರಿಯೇ ಹತ್ತಬೇಕು. ಹಿಂದೆ ಹಾಪ್ಸ್ ಇಡುತ್ತಿದ್ದ ಆ ಅಟ್ಟವೇ ಪ್ರಾರ್ಥನಾಲಯ. ಕಮಾನಿಲ್ಲ, ಬಣ್ಣದ ಗಾಜಿಲ್ಲ, ತಲೆಯ ಮೇಲೆ ಮರದ ತೊಲೆಗಳು. ಪೀಠವಾಗಿ ಇಟ್ಟದ್ದು ಹಿತ್ತಲಲ್ಲಿ ಸಿಕ್ಕಿದ ಹಳೆಯ ಬಡಗಿ ಬೆಂಚು. ನಜರೇತಿನವನ ಕಸುಬು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಕಂದಕಕ್ಕೆ ಹೊರಡಬೇಕಾದ ಹುಡುಗರು ಈ ಹಲಗೆಯ ಮುಂದೆ ಮೊಣಕಾಲೂರಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡರು. ಹಲವರಿಗೆ ಅದೇ ಕೊನೆಯ ಪ್ರಭುಭೋಜನ. ಯುದ್ಧ ಅವರ ಪ್ರಾಣವನ್ನು ಕೇಳುವ ಮೊದಲೇ ಅವರು ಅದನ್ನು ಇಲ್ಲಿ ದೇವರ ಕೈಗೆ ಒಪ್ಪಿಸಿದ್ದರು. ಬಿಡುಗಡೆ ಎಂದು ನಾನು ಕರೆಯುವುದು ಇದನ್ನೇ. ಆದರೆ ಸೈನಿಕನ ಸಾವು ನಮ್ಮ ಪಾಪ ತೊಳೆಯುವುದಿಲ್ಲ. ಆ ಕೆಲಸ ಶಿಲುಬೆಯಲ್ಲಿ ಒಮ್ಮೆಗೇ ಮುಗಿದಿದೆ. ಯುದ್ಧ ಸ್ಮಾರಕಗಳಲ್ಲಿ ಯೋಹಾನ 15ನೇ ಅಧ್ಯಾಯದ ಪ್ರೀತಿಯ ವಾಕ್ಯ ಕೆತ್ತುವಾಗ ದೇಶಗಳು ಸೈನಿಕನ ಸಾವನ್ನೂ ಶಿಲುಬೆಯ ಸಾವನ್ನೂ ಒಂದು ಮಾಡಿಬಿಟ್ಟವು. ಇದು ನನಗೆ ಒಪ್ಪಿಗೆಯಿಲ್ಲ.

ನಮ್ಮ ದೇಶದವರೂ ಈ ನೆಲದಲ್ಲಿ ಕಾದಿದ್ದಾರೆ. 1914ರ ಅಕ್ಟೋಬರ್ 31ರಂದು ಹೊಲೆಬೆಕೆಯಲ್ಲಿ ಹೋರಾಡಿದ ಖುದಾದಾದ್ ಖಾನ್ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ. 1915ರ ಏಪ್ರಿಲ್‌ನಲ್ಲಿ ಲಾಹೋರ್ ಡಿವಿಷನ್ ಈಪ್ರ್‌ನ ವಿಷಾನಿಲಕ್ಕೆ ಎದೆಗೊಟ್ಟಿತು. ಟಾಲ್ಬಟ್ ಹೌಸ್ ತೆರೆಯುವ ಹೊತ್ತಿಗೆ ಭಾರತದ ಕಾಲಾಳು ಪಡೆ ಫ್ರಾನ್ಸ್ ಬಿಟ್ಟು ಹೊರಡುತ್ತಿತ್ತು. ಸಮಾಧಿಯೇ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಫ್ರಾನ್ಸಿನ ನೂವ್ ಶಪೆಲ್ ಸ್ಮಾರಕದಲ್ಲಿದೆ.

ಅದೇ ಪೋಪರಿಂಗೆಯ ಪುರಭವನದ ಅಂಗಳದಲ್ಲಿ ಒಂದು ಕಂಬವಿದೆ, ಪಕ್ಕದಲ್ಲಿ ಸೆರೆಕೋಣೆಗಳು. ಓಡಿಹೋದರೆಂದು ಮರಣದಂಡನೆಗೆ ಗುರಿಯಾದ ಸೈನಿಕರನ್ನು ಕೂಡಿಟ್ಟ ಜಾಗ. ಗೋಡೆಯಲ್ಲಿ ಕೈದಿಗಳು ಗೀಚಿದ ಗುರುತುಗಳು ಇನ್ನೂ ಇವೆ. ಬೆಳಗಿನ ಜಾವ ಸ್ವಂತ ಸೇನೆಯವರೇ ಗುಂಡಿಕ್ಕುತ್ತಿದ್ದರು. ಅಟ್ಟದಿಂದ ಈ ಅಂಗಳಕ್ಕೆ ಕೆಲವೇ ನಿಮಿಷದ ನಡಿಗೆ. ಹೆದರಿದವನನ್ನು ಕ್ರಿಸ್ತನು ಹೊರಗಿಟ್ಟಿಲ್ಲ. ಯೇಸುವನ್ನು ಹಿಡಿದೊಯ್ದ ರಾತ್ರಿ ಪೇತ್ರನೂ ಹೆದರಿದವನೇ. ಇಂಥ 306 ಸೈನಿಕರಿಗೆ ಬ್ರಿಟನ್ ಕ್ಷಮಾದಾನ ಕೊಟ್ಟದ್ದು 2006ರಲ್ಲಿ.

ನವೆಂಬರ್‌ನಲ್ಲಿ ಮಡಿದ ಯೋಧರ ಸ್ಮರಣೆ ನಡೆಸುವ ನನ್ನ ಜೊತೆ ಸಭಾಪಾಲಕರಲ್ಲಿ ಒಂದು ವಿನಂತಿ: ಫಲಕದ ಹೆಸರುಗಳನ್ನು ಓದಿ ಮುಗಿಸಿದ ಮೇಲೆ, ಬಹುಕಾಲ ಹಲವು ಫಲಕಗಳಲ್ಲಿ ಜಾಗ ಸಿಗದ, ಗುಂಡಿಗೆ ಬಲಿಯಾದ ಈ ಹುಡುಗರಿಗೂ ಒಂದು ಪ್ರಾರ್ಥನೆ ಇರಲಿ.